ಬೆಟ್ಟದ ಮೇಲೆ ದಿಢೀರಂತ ಮಳೆ-ಗುಡುಗು ಹಿಡ್ಕೊಂಡ್ರೆ ಏನ್ ಮಾಡ್ಬೇಕು: ಮಕ್ಕಳು-ಹಿರಿಯರನ್ನ ಕರ್ಕೊಂಡು ಹೋಗೋರಿಗೆ

ಇದು ದೊಡ್ಡ ದೊಡ್ಡ ಟ್ರೆಕ್ಕರ್‌ಗಳಿಗೆ ಬರೆದಿದ್ದಲ್ಲ. ದಸರಾ ರಜಕ್ಕೋ ಮೇ ರಜಕ್ಕೋ ಚಿಕ್ಕಮಗಳೂರು ಕಡೆ ಹೋಗಿ, ಹೋಮ್‌ಸ್ಟೇಲಿ ಕಡುಬು-ಚಟ್ನಿ ಬಾರಿಸಿ, "ಹಂಗೇ ಮುಳ್ಳಯ್ಯನಗಿರಿ ಹತ್ತಿಬಿಡೋಣ ಬನ್ರೋ" ಅಂತ ಎಂಟು ವರ್ಷದ ಮಗು, ಅರವತ್ತು ದಾಟಿದ ಅತ್ತೆ, ಟೈಟ್ ಜೀನ್ಸ್ ಹಾಕ್ಕೊಂಡಿರೋ ಭಾವ ಎಲ್ರನ್ನೂ ಎಬ್ಬಿಸ್ಕೊಂಡು ಹೊರಡ್ತೀವಲ್ಲ, ಅಂಥೋರಿಗೆ. ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕದಲ್ಲೇ ಎತ್ತರದ ಶಿಖರ, ಆದ್ರೆ ಹತ್ತಿರದವರೆಗೂ ರೋಡ್ ಇರೋದ್ರಿಂದ ಜನಕ್ಕೆ ಅದೊಂದು ಬೆಟ್ಟ ಅನ್ನೋದೇ ಮರ್ತೋಗುತ್ತೆ. ಕಾರ್ ಬಿಟ್ಟು ಕೆಳಗಿನ ಸರ್ಪದಾರಿಯಿಂದ ನಡ್ಕೊಂಡು ಹೋದ್ರೆ ಮೂರ್ನಾಲ್ಕು ಕಿಲೋಮೀಟರ್ ಅಷ್ಟೇ, ಆದ್ರೆ ಮೊದಲು ಸ್ವಲ್ಪ ಕಾಡು ಸಿಕ್ಕಿದ್ದು ಬಿಟ್ರೆ ಆಮೇಲೆ ಪೂರ್ತಿ ಬಟಾಬಯಲು ಹುಲ್ಲುಗಾವಲು, ತಲೆ ಮೇಲೆ ಆಕಾಶ ಬಿಟ್ರೆ ಇನ್ನೇನೂ ಇಲ್ಲ. ಇದೇ ದಾರೀನೇ ಉದಾಹರಣೆಗೆ ಇಟ್ಕೊಂಡು ಹೇಳ್ತೀನಿ, ಕೊಡಚಾದ್ರಿಗೂ ತಡಿಯಂಡಮೋಳ್‌ಗೂ ಕುದುರೆಮುಖಕ್ಕೂ ಇದೇ ಲೆಕ್ಕ, ಅಲ್ಲಿ ದೂರ ಜಾಸ್ತಿ ಆಗೋದ್ರಿಂದ ಇನ್ನೂ ಬಿಗಿಯಾಗಿ ಅನ್ವಯ ಆಗುತ್ತೆ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಮಳೇಲಿ ನೆನೆಯೋದು ದೊಡ್ಡ ವಿಷಯ ಅಲ್ಲ, ನಾವೆಲ್ಲ ನೆಂದೇ ಬೆಳೆದೋರು. ಫ್ಯಾಮಿಲಿಗಳು ಸಿಕ್ಕಾಕ್ಕೊಳೋದು ತಡವಾಗಿ ವಾಪಸ್ ತಿರುಗೋದ್ರಿಂದ. ಕೆಳಗಿನ ಎಲ್ಲಾ ಹೆಜ್ಜೆಗಳೂ ಆ ಒಂದು ನಿರ್ಧಾರಾನ ಅರ್ಧ ಗಂಟೆ ಮುಂಚೆ ತಗೊಳೋದು ಹೆಂಗೆ, ತಗೊಂಡ್ಮೇಲೆ ಎಲ್ರನ್ನೂ ಕೆಳಗಿಳಿಸೋದು ಹೆಂಗೆ ಅನ್ನೋದೇ.

1. ಹಿಂದಿನ ದಿನ ರಾತ್ರಿ: ಹವಾಮಾನ ನೋಡೋದು

ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಬರುತ್ತೆ ಅಂತ ಎಲ್ರಿಗೂ ಗೊತ್ತು, ಅದಕ್ಕೇ ರೇನ್‌ಕೋಟ್ ತಗೊಂಡೇ ಹೋಗ್ತಾರೆ. ಮೋಸ ಮಾಡೋದು ಅದರ ಆಚೆ-ಈಚೆ ಇರೋ ತಿಂಗಳುಗಳು. ಏಪ್ರಿಲ್ ಕೊನೆಯಿಂದ ಮೇ ತನಕ, ಅಂದ್ರೆ ಭರಣಿ-ಕೃತ್ತಿಕೆ ಮಳೆ ಟೈಮು, ಆಮೇಲೆ ಅಕ್ಟೋಬರ್-ನವೆಂಬರ್‌ನಲ್ಲಿ ಚಿತ್ತಾ-ಸ್ವಾತಿ ಮಳೆ. ನಮ್ಮ ಎರಡೂ ರಜಾ ಸರಿಯಾಗಿ ಅಲ್ಲೇ ಬಂದು ಕೂತಿರೋದು ನೋಡಿ. ಬೆಳಿಗ್ಗೆ ಎದ್ರೆ ಆಕಾಶ ನೀಲಿ, ಒಂದು ಮೋಡ ಇಲ್ಲ, ಬಿಸಿಲು ಚುರುಗುಟ್ಟುತ್ತೆ. ಅದೇ ಬಿಸಿಲು ನೆಲ ಕಾಯಿಸಿ, ಬಿಸಿ ಗಾಳಿ ತೇವ ಹೊತ್ಕೊಂಡು ಮೇಲೇರಿ, ಬೆಟ್ಟದ ಇಳಿಜಾರು ಅದನ್ನ ಇನ್ನೂ ಮೇಲಕ್ಕೆ ತಳ್ಳಿ, ಮಧ್ಯಾಹ್ನ ಒಂದು-ಎರಡು ಗಂಟೆ ಹೊತ್ತಿಗೆ ಗುಡುಗಿನ ಮೋಡ ರೆಡಿ. ಅಂದ್ರೆ ಬೆಳಿಗ್ಗೆಯ ಚೆಂದದ ಬಿಸಿಲು ಭರವಸೆ ಅಲ್ಲ, ಎಷ್ಟೋ ಸಲ ಅದೇ ಮಳೆಗೆ ಕಾರಣ.

ಹವಾಮಾನ ಇಲಾಖೆಯ ಮೌಸಮ್ ಆ್ಯಪಲ್ಲಿ ಜಿಲ್ಲೆಗೆ ಹಳದಿ, ಕಿತ್ತಳೆ, ಕೆಂಪು ಅಂತ ಬಣ್ಣ ಕೊಟ್ಟಿರ್ತಾರೆ. ಕಿತ್ತಳೆ ಅಥವಾ ಕೆಂಪು ಇದ್ರೆ ಬೆಟ್ಟ ಬಿಟ್ಟು ಬೇಲೂರು-ಹಳೇಬೀಡು ನೋಡ್ಕೊಂಡು ಬನ್ನಿ, ಅದರಲ್ಲಿ ಚರ್ಚೆ ಬೇಡ. ಹಳದಿ ಇದ್ದಾಗ ಬಣ್ಣ ಮಾತ್ರ ನೋಡಿ ಬಿಡ್ಬೇಡಿ, ಕೆಳಗಿರೋ ಸಾಲು ಓದಿ. ಇಲಾಖೆ ಲೆಕ್ಕದಲ್ಲಿ ಭಾರಿ ಮಳೆ ಅಂದ್ರೆ 24 ಗಂಟೇಲಿ 64.5 ಮಿಲಿಮೀಟರ್ ದಾಟಿದ್ದು. ಅರ್ಧ ಗಂಟೇಲಿ 20 ಮಿಲಿಮೀಟರ್ ಸುರಿದು ಹೋಗೋ ಗುಡುಗಿನ ಮಳೆ ಆ ಲೆಕ್ಕಕ್ಕೇ ಬರಲ್ಲ, ಆದ್ರೆ ಹುಲ್ಲಿನ ದಿಣ್ಣೆ ಮೇಲೆ ನಿಂತಿರೋ ನಿಮ್ಗೆ ಅದೇ ಸಾಕು. ಅದಕ್ಕೆ "ಗುಡುಗು ಸಹಿತ" ಅನ್ನೋ ಪದ ಇದ್ಯಾ ನೋಡಿ. ಇದ್ರೆ ಹೋಗ್ಲೇಬಾರ್ದು ಅಂತಲ್ಲ, ಬೇಗ ಹೋಗಿ ಬೇಗ ಇಳೀಬೇಕು ಅಂತ ಅರ್ಥ.

ದಾಮಿನಿ ಅಂತ ಇನ್ನೊಂದು ಆ್ಯಪ್ ಇದೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವ್ರದ್ದು, ನಿಮ್ಮ ಸುತ್ತ 20-40 ಕಿಲೋಮೀಟರ್ ಒಳಗೆ ಸಿಡಿಲು ಎಲ್ಲಿ ಬಿದ್ದಿದೆ ಅಂತ ತೋರಿಸುತ್ತೆ. ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಕೂಡ ಇದೆ. ರೂಮಲ್ಲಿ ವೈಫೈ ಇದ್ದಾಗ್ಲೇ ಹಾಕ್ಕೊಂಡು ಲೊಕೇಶನ್ ಪರ್ಮಿಶನ್ ಕೊಟ್ಟಿಟ್ಕೊಳಿ, ಬೆಟ್ಟದ ಮೇಲೆ ಡೌನ್‌ಲೋಡ್ ಮಾಡ್ತೀನಿ ಅಂದ್ರೆ ಆಗಲ್ಲ. ಹಂಗೇ ಆ ಜಾಗದ ಮ್ಯಾಪನ್ನ ಆಫ್‌ಲೈನ್ ಇಳಿಸ್ಕೊಳಿ. ನೆಟ್‌ವರ್ಕ್ ಇಲ್ದಿದ್ರೂ ಜಿಪಿಎಸ್ ಕೆಲಸ ಮಾಡುತ್ತೆ, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಎಲ್ಲಕ್ಕಿಂತ ಒಳ್ಳೇ ಆ್ಯಪ್ ಅಂದ್ರೆ ಹೋಮ್‌ಸ್ಟೇ ಅಡುಗೆಯವ್ರು ಅಥವಾ ಜೀಪ್ ಡ್ರೈವರ್. "ಅಣ್ಣಾ, ನಿನ್ನೆ-ಮೊನ್ನೆ ಮಳೆ ಎಷ್ಟೊತ್ತಿಗೆ ಬಂತು?" ಅಂತ ಕೇಳಿ. ಎರಡು-ಮೂರು ದಿನದಿಂದ ಮೂರು ಗಂಟೆಗೆ ಸರಿಯಾಗಿ ಹಿಡೀತಿದೆ ಅಂದ್ರೆ ಇವತ್ತೂ ಹೆಚ್ಚುಕಮ್ಮಿ ಅದೇ ಟೈಮಿಗೆ ಬರುತ್ತೆ ಅಂತ ಲೆಕ್ಕ ಹಾಕ್ಕೊಳಿ.

2. ಹೊರಡೋ ಮುಂಚೆ: ತಿರುಗೋ ಟೈಮ್ ಫಿಕ್ಸ್ ಮಾಡಿ, ಜೋರಾಗಿ ಹೇಳಿ

ಬೆಳಿಗ್ಗೆ ಆರೂವರೆ-ಏಳಕ್ಕೆ ನಡೆಯಕ್ಕೆ ಶುರು ಮಾಡಿ. ಫ್ಯಾಮಿಲಿ ಅಂದ್ರೆ ಏಳು ಅಂದಿದ್ದು ಎಂಟಾಗುತ್ತೆ, ಅದು ಗೊತ್ತಿದ್ದೇ ಏಳು ಅಂದಿದ್ದು. ಮಧ್ಯಾಹ್ನ 12ರೊಳಗೆ ಬಯಲು ಭಾಗ ದಾಟಿ ಕೆಳಗೆ ಇರ್ಬೇಕು ಅನ್ನೋದು ಗುರಿ. ಅದಕ್ಕೆ ಹಿಂದಿನಿಂದ ಲೆಕ್ಕ ಹಾಕಿ: ಇಳಿಯಕ್ಕೆ ಎರಡು ಗಂಟೆ ಬೇಕು ಅಂದ್ರೆ 10 ಗಂಟೆಗೆ ಎಲ್ಲೇ ಇರ್ಲಿ, ತುದಿ ಕಣ್ಣೆದುರಿಗೇ ಇದ್ರೂ ತಿರುಗೋದು. ಈ ಟೈಮನ್ನ ಕಾರಲ್ಲೇ ಎಲ್ರಿಗೂ ಕೇಳೋ ಹಂಗೆ ಹೇಳಿ, ಮಕ್ಕಳಿಗೂ ಹೇಳಿ, ಮಕ್ಕಳು ಒಂದ್ಸಲ ಕೇಳಿಸ್ಕೊಂಡ್ರೆ ಆಮೇಲೆ ದೊಡ್ಡೋರಿಗೆ ನೆನಪಿಸೋದು ಅವ್ರೇ.

ಮತ್ತೆ, ವಾಪಸ್ ಹೋಗೋಣ ಅಂತ ಹೇಳೋ ಅಧಿಕಾರ ಯಾರಿಗೆ? ಅತಿ ನಿಧಾನಕ್ಕೆ ನಡೆಯೋರ ಜೊತೆ ಹಿಂದೆ ಬರ್ತಿರ್ತಾರಲ್ಲ, ಅವ್ರಿಗೆ. ಮುಂದೆ ದಾಪುಗಾಲು ಹಾಕ್ತಿರೋ ಚಿಕ್ಕಪ್ಪಂಗಲ್ಲ. ಚಿಕ್ಕಪ್ಪಂದಿರಿಗೆ ಯಾವಾಗ್ಲೂ "ಇನ್ನೇನು ಹತ್ತೇ ನಿಮಿಷ" ಇರುತ್ತೆ.

ಕೆಳಗೆ ಇರೋ ಒಬ್ರಿಗೆ, ಹೋಮ್‌ಸ್ಟೇಯವ್ರಿಗೋ ಊರಲ್ಲಿರೋ ಅಣ್ಣಂಗೋ, ಯಾವ ದಾರಿ, ಎಷ್ಟು ಜನ, ಎಷ್ಟೊತ್ತಿಗೆ ಇಳೀತೀವಿ ಅಂತ ಒಂದು ಮೆಸೇಜ್ ಹಾಕಿ. ಅರಣ್ಯ ಇಲಾಖೆಯ ಟ್ರೆಕ್ ದಾರಿಗಳಿಗೆ 'ಅರಣ್ಯ ವಿಹಾರ' ವೆಬ್‌ಸೈಟಲ್ಲಿ ಬುಕ್ ಮಾಡೋ ವ್ಯವಸ್ಥೆ ಇದೆ, ಹಂಗೆ ಬುಕ್ ಮಾಡಿ ಹೋದ್ರೆ ನೀವು ಒಳಗಿದ್ದೀರ ಅನ್ನೋದು ಇಲಾಖೆಗೂ ಗೊತ್ತಿರುತ್ತೆ. ಕಳ್ಳದಾರೀಲಿ ನುಗ್ಗಿದ್ರೆ ನೀವು ಬಂದಿಲ್ಲ ಅಂತ ಯಾರೂ ಹುಡುಕಲ್ಲ.

3. ಬ್ಯಾಗಲ್ಲಿ ಏನಿರ್ಬೇಕು

ಛತ್ರಿ ಬಿಟ್ಟು ಹೋಗಿ. ಬಯಲು ಬೆಟ್ಟದ ಗಾಳಿಗೆ ಛತ್ರಿ ಉಲ್ಟಾ ಆಗೋದು ಗ್ಯಾರಂಟಿ, ಗುಡುಗು ಟೈಮಲ್ಲಿ ತಲೆಗಿಂತ ಎತ್ತರಕ್ಕೆ ಹಿಡ್ಕೊಳೋದು ಬೇರೆ ಅಪಾಯ. ಪ್ರತಿಯೊಬ್ರಿಗೂ ಒಂದು ಪೊಂಚೋ ಅಥವಾ ರೇನ್‌ಕೋಟ್. ಮಲೆನಾಡಲ್ಲಿ ಹಿಂದೆ ಗದ್ದೆ ಕೆಲಸಕ್ಕೆ ಕಂಬಳಿಕೊಪ್ಪೆ, ಗೊರಬು ಹಾಕ್ಕೊತಿದ್ರಲ್ಲ, ಅದರ ಬುದ್ಧಿವಂತಿಕೆ ಅದೇ: ತಲೆ-ಬೆನ್ನು ಮುಚ್ಚುತ್ತೆ, ಕೈ ಎರಡೂ ಖಾಲಿ ಇರುತ್ತೆ. ಇಳಿಜಾರಲ್ಲಿ ಕೈ ಖಾಲಿ ಇರೋದು ಬಹಳ ಮುಖ್ಯ, ಒಂದು ಕೈ ಮಗೂಗೆ, ಒಂದು ಕೈ ನಿಮಗೆ.

ಪ್ರತಿ ಮಗೂಗೂ ಒಂದು ಜೊತೆ ಒಣ ಬಟ್ಟೆ, ಗಂಟು ಹಾಕಿದ ಪ್ಲಾಸ್ಟಿಕ್ ಕವರ್ ಒಳಗೆ. ಇದೊಂದನ್ನ ಮಾತ್ರ ಮರೀಬೇಡಿ. ಉಲ್ಲನ್ ಟೋಪಿ ಅಥವಾ ಮಂಕಿ ಕ್ಯಾಪ್, ಮೇ ತಿಂಗಳಲ್ಲೂ ಬೇಕು, ನಗೋರು ನಗ್ಲಿ. ದೊಡ್ಡ ತಾಡಪಾಲು ಒಂದು, ನಾಲ್ಕು ಜನ ಕೂತು ಮೇಲೆ ಹೊದ್ಕೊಳೋ ಅಷ್ಟು. ಟಾರ್ಚು, ಮೊಬೈಲ್ ಟಾರ್ಚ್ ಲೆಕ್ಕಕ್ಕಿಲ್ಲ, ಯಾಕಂದ್ರೆ ಆ ಬ್ಯಾಟರಿ ಫೋನ್ ಮಾಡಕ್ಕೆ ಬೇಕು. ಪವರ್ ಬ್ಯಾಂಕ್. ಮಕ್ಕಳ ಕುತ್ತಿಗೆಗೆ ಒಂದೊಂದು ಪೀಪಿ, ಮೂರು ಸಲ ಊದಿ ನಿಲ್ಲಿಸಿ ಮತ್ತೆ ಮೂರು ಸಲ ಊದೋದು ಅಂತ ಕೆಳಗೇ ಆಟದ ಥರ ಕಲಿಸಿ (ಆಮೇಲೆ ದಾರಿಯುದ್ದಕ್ಕೂ ಊದ್ತಾರೆ, ಅದನ್ನ ನೀವೇ ಸಹಿಸ್ಕೊಬೇಕು). ಬೆಲ್ಲ, ಚಿಕ್ಕಿ, ಖರ್ಜೂರ, ಬಾಳೆಹಣ್ಣು. ಫ್ಲಾಸ್ಕಲ್ಲಿ ಬಿಸಿ ಕಷಾಯ ಅಥವಾ ಹಾಲು. ಇಂಬಳಕ್ಕೆ ಒಂದು ಚಿಟಿಕೆ ಉಪ್ಪು. ಕವರ್‌ಗಳನ್ನೆಲ್ಲ ವಾಪಸ್ ತನ್ನಿ.

ಬಟ್ಟೆ ವಿಷಯ: ಜೀನ್ಸ್ ಬೇಡ. ನೆಂದ್ರೆ ಭಾರ, ಒಣಗಲ್ಲ, ಮಂಡಿ ಮಡಚಕ್ಕೆ ಬಿಡಲ್ಲ, ಮೈಯಿಂದ ಬಿಸಿ ಹೀರ್ತಾನೇ ಇರುತ್ತೆ. ಹತ್ತಿ ಟೀ ಶರ್ಟೂ ಅಷ್ಟೇ. ಸ್ಕೂಲ್ ಸ್ಪೋರ್ಟ್ಸ್ ಡ್ರೆಸ್ ಥರದ ಪಾಲಿಯೆಸ್ಟರ್ ಬಟ್ಟೆ ಸಾಕು, ಸಾವಿರಾರು ರೂಪಾಯಿ ಕೊಟ್ಟು ಟ್ರೆಕ್ಕಿಂಗ್ ಪ್ಯಾಂಟ್ ತಗೊಳ್ಬೇಕಿಲ್ಲ. ಚಿಕ್ಕಮಗಳೂರು ಪೇಟೆಗಿಂತ ಮುಳ್ಳಯ್ಯನಗಿರಿ ತುದಿ 800 ಮೀಟರ್‌ಗಿಂತ ಜಾಸ್ತಿ ಎತ್ತರ, ಸಾವಿರ ಮೀಟರ್‌ಗೆ ಆರೂವರೆ ಡಿಗ್ರಿ ಇಳಿಯುತ್ತೆ ಅನ್ನೋ ಲೆಕ್ಕದಲ್ಲಿ ಪೇಟೇಲಿ 22 ಡಿಗ್ರಿ ಇದ್ರೆ ಮೇಲೆ 17ರ ಹತ್ರ, ಅದಕ್ಕೆ ಗಾಳಿ ಸೇರ್ಸಿ, ಒದ್ದೆ ಬಟ್ಟೆ ಸೇರ್ಸಿ.

4. ಹತ್ತುವಾಗ: ಆಕಾಶ ನೋಡ್ತಾ ಇರಿ

ನೀರು ಕುಡಿಯಕ್ಕೆ ನಿಂತಾಗೆಲ್ಲ ಒಬ್ರು ನಾಲ್ಕೂ ದಿಕ್ಕು ನೋಡ್ಬೇಕು. ಹೂಕೋಸಿನ ಥರ ಗಟ್ಟಿ ಅಂಚಿನ ಬಿಳಿ ಮೋಡ ಅಡ್ಡಕ್ಕೆ ಹರಡದೆ ಮೇಲಕ್ಕೆ ಬೆಳೀತಿದ್ರೆ, ಹಿಂದಿನ ಸಲ ನಿಂತಾಗ ಇದ್ದಿದ್ದಕ್ಕಿಂತ ಈಗ ಎರಡರಷ್ಟು ಎತ್ತರ ಆಗಿದ್ರೆ, ಅದರ ತಳ ಕಪ್ಪಾಗಿದ್ರೆ, ಅದು ಗುಡುಗಿನ ಮೋಡ ಆಗೋ ದಾರೀಲಿದೆ. ಇನ್ನೊಂದು ಗುರುತು, ಸೆಖೆ ಹೊತ್ತಲ್ಲಿ ಇದ್ದಕ್ಕಿದ್ದಂಗೆ ತಣ್ಣನೆ ಗಾಳಿ ಬೀಸೋದು. ಎಲ್ರೂ "ಆಹಾ ಎಷ್ಟ್ ಚೆನ್ನಾಗಿದೆ" ಅಂತಾರೆ, ಆದ್ರೆ ಅದು ಹತ್ತಿರದಲ್ಲೆಲ್ಲೋ ಮಳೆ ಸುರಿದು ಮೋಡದ ಕೆಳಗಿಂದ ತಳ್ಕೊಂಡು ಬಂದಿರೋ ಗಾಳಿ. ಮೋಡ ಇನ್ನೂ ದೂರ ಇದೆ ಅಂತ ಕಂಡ್ರೂ ನಿಮ್ಗೆ ಸಿಕ್ಕಿರೋದು ಸ್ವಲ್ಪವೇ ಟೈಮು. ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಏನಿದೆ ಅಂತ ನಿಮ್ಗೆ ಕಾಣಲ್ಲ ಅನ್ನೋದೂ ನೆನಪಿರ್ಲಿ, ದಿಣ್ಣೆ ಏರಿದಾಗ್ಲೇ ಗೊತ್ತಾಗೋದು ಆ ಕಡೆ ಪೂರ್ತಿ ಕಪ್ಪು ಅಂತ.

ಮಂಜು ಬೇರೆ ಲೆಕ್ಕ. ಪಶ್ಚಿಮದ ಕಣಿವೆಯಿಂದ ತೇವದ ಗಾಳಿ ಹತ್ತಿ ಬಂದು ದಿಣ್ಣೆ ಮೇಲೆ ಮಂಜಾಗಿ ಕೂರುತ್ತೆ, ಐದು ನಿಮಿಷದಲ್ಲಿ ಮುಂದಿದ್ದೋರು ಮಾಯ. ಕಣಿವೆ ತುಂಬ್ತಾ ಮೇಲೆ ಬರ್ತಿರೋದು ಕಂಡ್ರೆ ಆಗ್ಲೇ ಎಲ್ರನ್ನೂ ಒಟ್ಟಿಗೆ ಸೇರಿಸಿ, ರೀಲ್ಸ್ ಮಾಡ್ತಾ ಹಿಂದುಳಿದೋರನ್ನೂ ಕರೀರಿ.

5. ಮೊದಲ ಗುಡುಗು ಕೇಳಿಸ್ತು: ತಿರುಗಿ

ಇಲ್ಲಿ ಯೋಚ್ನೆ ಮಾಡೋದೇನಿಲ್ಲ. ಗುಡುಗು ನಿಮ್ಗೆ ಕೇಳಿಸ್ತಿದೆ ಅಂದ್ರೆ ಸಿಡಿಲು ನಿಮ್ಮನ್ನ ಮುಟ್ಟೋ ದೂರದಲ್ಲಿದೆ. ಮಿಂಚು ಕಂಡಾಗಿಂದ ಗುಡುಗು ಕೇಳೋ ತನಕ ಸೆಕೆಂಡ್ ಎಣಿಸಿ, ಮೂರರಿಂದ ಭಾಗಿಸಿದ್ರೆ ಕಿಲೋಮೀಟರ್ ಸಿಗುತ್ತೆ. 30 ಸೆಕೆಂಡ್ ಅಂದ್ರೆ 10 ಕಿಲೋಮೀಟರ್, ಅಷ್ಟರೊಳಗೆ ಬಂದ್ರೆ ನೀವು ಆಗ್ಲೇ ಸುರಕ್ಷಿತ ಜಾಗದಲ್ಲಿ ಇರ್ಬೇಕಿತ್ತು ಅಂತ ಅರ್ಥ. ಮಳೆ ಇನ್ನೂ ಒಂದು ಹನಿ ಬಿದ್ದಿಲ್ವಲ್ಲ ಅನ್ನೋದು ಕಾರಣವೇ ಅಲ್ಲ, ಮಳೆ ಬರೋ ಮುಂಚೆ ಮೋಡದ ಅಂಚಿಂದಾನೂ ಸಿಡಿಲು ಹೊಡೆಯುತ್ತೆ, ಮಳೆ ನಿಂತ್ಮೇಲೂ ಹೊಡೆಯುತ್ತೆ. ಕೊನೆ ಗುಡುಗು ಕೇಳಿ 30 ನಿಮಿಷ ಆಗೋ ತನಕ ಮತ್ತೆ ಬಯಲಿಗೆ ಬರ್ಬೇಡಿ.

ಮಕ್ಕಳಿಗೆ "ಸಿಡಿಲು ಹೊಡೆಯುತ್ತೆ ಓಡು" ಅನ್ಬೇಡಿ. ಹೆದ್ರಿ ಓಡಿದ್ರೆ ಜಾರಿ ಬೀಳ್ತಾರೆ, ಬೆಟ್ಟದಲ್ಲಿ ಮಕ್ಕಳಿಗೆ ಪೆಟ್ಟಾಗೋದು ಓಡುವಾಗ್ಲೇ. "ಈಗ ಎಲ್ರೂ ಸಾಲಾಗಿ ಕೆಳಗೆ ಹೋಗಿ ಚಿಕ್ಕಿ ತಿನ್ನೋಣ" ಅಂದ್ರೆ ಸಾಕು.

ಎಲ್ಲಿಗೆ ಹೋಗೋದು? ಗುಡುಗು ಬಂದಾಗ ನಿಜವಾಗ್ಲೂ ಸೇಫ್ ಅನ್ನೋ ಜಾಗ ಎರಡೇ: ಗಾಜು ಏರಿಸಿದ ಲೋಹದ ಬಾಡಿ ಕಾರು-ಜೀಪು-ಬಸ್ಸು, ಇಲ್ಲಾಂದ್ರೆ ನಾಲ್ಕು ಗೋಡೆ ಇರೋ, ವೈರಿಂಗ್ ಇರೋ ಪಕ್ಕಾ ಕಟ್ಟಡ. ತುದಿ ಹತ್ರಾನೇ ಇದ್ದು, ಕಾರ್ ಪಾರ್ಕಿಂಗ್ ಕಡೆ ಇಳಿಯೋ ಮೆಟ್ಟಿಲು ಹತ್ರ ಆಗೋದಾದ್ರೆ ಅಲ್ಲೇ ಇಳಿದು ಯಾರ ಜೀಪಾದ್ರೂ ಸರಿ ಕೇಳ್ಕೊಂಡು ಹತ್ತಿ ಕೂತ್ಕೊಳಿ, ಮಲೆನಾಡಲ್ಲಿ ಮಕ್ಕಳನ್ನ ನೋಡಿ ಯಾರೂ ಇಲ್ಲ ಅನ್ನಲ್ಲ. ಕಂಬಗಳ ಮೇಲೆ ನಿಂತಿರೋ ತೆರೆದ ಮಂಟಪ, ತಗಡಿನ ಶೆಡ್, ಬಂಡೆ ಕೆಳಗಿನ ಪೊಟರೆ, ಗುಹೆ ಬಾಯಿ, ಇವೆಲ್ಲ ಮಳೆಗೆ ಸರಿ, ಸಿಡಿಲಿಗೆ ಅಲ್ಲ. ಗುಹೆ ಬಾಯಲ್ಲಿ ನಿಂತ್ರೆ ಮೇಲಿನ ಬಂಡೆಯಿಂದ ನೆಲಕ್ಕೆ ಹಾರೋ ಕರೆಂಟ್ ದಾರೀಲಿ ನೀವಿರ್ತೀರ.

ಎರಡೂ ಸಿಗ್ಲಿಲ್ಲ, ಬಯಲಲ್ಲೇ ಇದ್ದೀರ. ಆಗ ಮಾಡೋದು ಇಷ್ಟು. ದಿಣ್ಣೆಯ ಬೆನ್ನು ಬಿಟ್ಟು ಪಕ್ಕಕ್ಕೆ ಇಳೀರಿ, ಐವತ್ತು-ನೂರು ಮೀಟರ್ ಕೆಳಗೆ ಹೋದ್ರೂ ವ್ಯತ್ಯಾಸ ಆಗುತ್ತೆ. ಒಂಟಿ ಮರ, ಟವರ್, ತಂತಿ ಬೇಲಿ, ಕಬ್ಬಿಣದ ರೇಲಿಂಗ್ ಹತ್ರ ಹೋಗ್ಬೇಡಿ. ಬಯಲಿನ ಮಧ್ಯ ಮಡಿಕೆಗಳಲ್ಲಿ ಶೋಲಾ ಕಾಡು ಇರುತ್ತಲ್ಲ, ಒಂದೇ ಎತ್ತರದ ಕುಳ್ಳ ಮರಗಳ ಗುಂಪು, ತಗ್ಗಲ್ಲಿ ಇರುತ್ತೆ, ಅದರ ಒಳಗೆ ಕಾಂಡಗಳಿಂದ ದೂರ ಇರೋದು ಬಯಲಿಗಿಂತ ಮೇಲು. ಆದ್ರೆ ಆ ತಗ್ಗಲ್ಲೇ ಹಳ್ಳಾನೂ ಹರಿಯುತ್ತೆ, ನೀರಿನ ದಾರೀಲಿ ಕೂರ್ಬೇಡಿ.

ಒಬ್ರಿಗೊಬ್ರು ಅಂಟ್ಕೊಂಡು ನಿಲ್ಬೇಡಿ ಅಂತ ಎಲ್ಲಾ ಕಡೆ ಬರೆದಿರ್ತಾರೆ, ಒಂದು ಸಿಡಿಲಿಗೆ ಎಲ್ರೂ ಬೀಳ್ಬಾರ್ದು, ಒಬ್ಬರಾದ್ರೂ ಎದ್ದು ಸಹಾಯ ಮಾಡೋ ಹಂಗಿರ್ಬೇಕು ಅಂತ. ಆದ್ರೆ ಐದು ವರ್ಷದ ಮಗೂನ ಇಪ್ಪತ್ತು ಮೀಟರ್ ದೂರ ಒಂಟಿಯಾಗಿ ಕೂರ್ಸಕ್ಕಾಗುತ್ತಾ? ನಾನು ಹೇಳೋದು, ಒಬ್ಬ ದೊಡ್ಡೋರಿಗೆ ಒಂದು ಮಗು ಅಂತ ಜೋಡಿ ಮಾಡಿ, ಜೋಡಿಗಳ ಮಧ್ಯೆ 15-20 ಮೀಟರ್ ಬಿಡಿ, ಕಣ್ಣಿಗೆ ಕಾಣೋ ಹಂಗಿರ್ಲಿ. ಮಲಗ್ಬೇಡಿ. ಸಿಡಿಲು ನೆಲಕ್ಕೆ ಬಿದ್ಮೇಲೆ ನೆಲದಲ್ಲಿ ಹರಡುತ್ತೆ, ದೇಹದ ಎಷ್ಟು ಉದ್ದ ನೆಲಕ್ಕೆ ತಾಗಿರುತ್ತೋ ಅಷ್ಟು ಅಪಾಯ ಜಾಸ್ತಿ. ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂತು ತಲೆ ಬಗ್ಗಿಸಿ, ಕಿವಿ ಮುಚ್ಕೊಳಿ. ಮಂಡಿ ನೋವಿರೋ ಹಿರಿಯರು ಒಣ ಬ್ಯಾಗ್ ಮೇಲೆ ಕಾಲು ಜೋಡಿಸಿ ಕೂತ್ರೂ ಆಗುತ್ತೆ. ಇದು ಪೂರ್ತಿ ಕಾಪಾಡುತ್ತೆ ಅಂತಲ್ಲ, ಬೇರೆ ಏನೂ ಇಲ್ದಾಗ ಮಾಡೋ ಕೊನೇ ಉಪಾಯ ಅಷ್ಟೇ, ನಡೆದು ಇಳಿಯಕ್ಕೆ ಆಗ್ತಿದ್ರೆ ಇಳಿಯೋದೇ ಸರಿ.

ಫೋನ್ ಆಫ್ ಮಾಡ್ಬೇಕಾ ಅಂತ ಪ್ರತಿ ಸಲ ಯಾರಾದ್ರೂ ಕೇಳ್ತಾರೆ. ಬೇಡ, ಮೊಬೈಲ್ ಸಿಡಿಲನ್ನ ಎಳೆಯಲ್ಲ. ರಬ್ಬರ್ ಚಪ್ಪಲಿ ಹಾಕಿದ್ರೆ ಏನಾಗಲ್ಲ ಅನ್ನೋದೂ ಸುಳ್ಳು, ಕಿಲೋಮೀಟರ್‌ಗಟ್ಟಲೆ ಗಾಳಿ ಸೀಳ್ಕೊಂಡು ಬಂದಿದ್ದಕ್ಕೆ ಅರ್ಧ ಇಂಚು ರಬ್ಬರ್ ಯಾವ ಲೆಕ್ಕ.

ಯಾರಿಗಾದ್ರೂ ಹೊಡೆದ್ರೆ: ಅವ್ರ ಮೈಯಲ್ಲಿ ಕರೆಂಟ್ ಉಳಿದಿರಲ್ಲ, ಧೈರ್ಯವಾಗಿ ಮುಟ್ಟಿ. ಉಸಿರಿಲ್ಲ, ಅಲ್ಲಾಡ್ತಿಲ್ಲ ಅಂದ್ರೆ ಕೂಡ್ಲೇ ಎದೆ ಮಧ್ಯ ಎರಡೂ ಕೈಯಿಟ್ಟು ನಿಮಿಷಕ್ಕೆ 100-120 ಸಲ ಗಟ್ಟಿಯಾಗಿ ಒತ್ತಿ, ದೊಡ್ಡೋರಿಗೆ ಐದಾರು ಸೆಂಟಿಮೀಟರ್ ಒಳಗೆ ಹೋಗ್ಬೇಕು. ಇನ್ನೊಬ್ರು 112ಕ್ಕೆ ಫೋನ್ ಮಾಡ್ಲಿ. ಸಿಡಿಲು ಬಡಿದೋರಲ್ಲಿ ನಿಂತ ಹೃದಯ ಹಿಂಗೆ ಒತ್ತಿದ್ರೆ ಮತ್ತೆ ಶುರುವಾಗೋ ಸಾಧ್ಯತೆ ಇರುತ್ತೆ, ಅದಕ್ಕೆ ಸತ್ತೋದ್ರು ಅಂತ ಕೈ ಬಿಡ್ಬೇಡಿ.

6. ಮಳೆ ಶುರುವಾಯ್ತು: ನೆನೆಯೋ ಮುಂಚೆ ಹಾಕ್ಕೊಳಿ

ಮೊದಲ ಹನಿಗೇ ಪೊಂಚೋ ಹಾಕ್ಸಿ. "ಇನ್ನೂ ಜೋರಾಗ್ಲಿ" ಅಂತ ಕಾದ್ರೆ ಒಳಗೆಲ್ಲ ಒದ್ದೆ ಆದ್ಮೇಲೆ ಹಾಕ್ಕೊಂಡಂಗಾಗುತ್ತೆ. ನಡೀತಾ ಇರಿ, ನಡೆಯೋದೇ ಬಿಸಿ ಕೊಡೋದು.

ಹೆಗಲ ಮೇಲೆ ಕೂತಿರೋ ಮಗು, ಬೆನ್ನಿಗೆ ಕಟ್ಕೊಂಡಿರೋ ಮಗು ನಡೀತಿಲ್ಲ ಅನ್ನೋದನ್ನ ಜನ ಮರೀತಾರೆ. ಅಪ್ಪ ಬೆವರು ಸುರಿಸ್ಕೊಂಡು ಏದುಸಿರು ಬಿಡ್ತಿರ್ತಾನೆ, ಅವನಿಗೆ ಸೆಖೆ, ಮೇಲೆ ಕೂತಿರೋ ಕೂಸು ಗಾಳಿಗೆ ಮೈಯೊಡ್ಡಿ ಅಲ್ಲಾಡದೆ ಕೂತು ತಣ್ಣಗಾಗ್ತಿರುತ್ತೆ. ಮಕ್ಕಳ ಮೈ ತೂಕಕ್ಕೆ ಹೋಲಿಸಿದ್ರೆ ಚರ್ಮದ ವಿಸ್ತೀರ್ಣ ಜಾಸ್ತಿ, ದೊಡ್ಡೋರಿಗಿಂತ ಬೇಗ ಬಿಸಿ ಕಳ್ಕೊತಾರೆ. ಹತ್ತು ನಿಮಿಷಕ್ಕೊಂದ್ಸಲ ಬಟ್ಟೆ ಒಳಗೆ ಕೈ ಹಾಕಿ ಹೊಟ್ಟೆ ಮುಟ್ಟಿ ನೋಡಿ. ಕೈಕಾಲು ತಣ್ಣಗಿರೋದು ಮಾಮೂಲಿ, ಹೊಟ್ಟೆ-ಎದೆ ತಣ್ಣಗಿದ್ರೆ ತಡ ಮಾಡ್ಬೇಡಿ.

ಮೈ ಬಿಸಿ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯೋದು ಹಿಮಾಲಯದಲ್ಲಿ ಮಾತ್ರ ಅಂತ ಅಂದ್ಕೊಂಡಿರ್ತೀವಿ. ಅಲ್ಲ, 15 ಡಿಗ್ರೀಲೂ ಒದ್ದೆ ಬಟ್ಟೆ ಮತ್ತೆ ಗಾಳಿ ಸೇರಿದ್ರೆ ಆಗುತ್ತೆ. ಮೊದಲು ನಡುಕ, ಆಮೇಲೆ ಮಾತು ತೊದಲೋದು, ಬೆರಳಲ್ಲಿ ಜಿಪ್ ಎಳೆಯಕ್ಕಾಗದೆ ಇರೋದು, ಸುಮ್‌ಸುಮ್ನೆ ಎಡವೋದು, ಸಿಡಿಮಿಡಿ. ಚಿಕ್ಕ ಮಕ್ಕಳು ಅಳೋದು ನಿಲ್ಲಿಸಿ ಮಂಕಾಗಿ ಕೂತ್ರೆ "ಅಬ್ಬಾ ಸುಮ್ನಾದ" ಅಂತ ನೆಮ್ಮದಿ ಪಡ್ಬೇಡಿ. ಮೈ ಇನ್ನೂ ತಣ್ಣಗಿದ್ದೂ ನಡುಕ ನಿಂತೋದ್ರೆ ಅದು ಇನ್ನೂ ಕೆಟ್ಟ ಲಕ್ಷಣ.

ಆಗ ಮಾಡೋದು: ಗಾಳಿ ಬೀಳದ ಮಗ್ಗುಲಿಗೆ ಹೋಗಿ, ತಾಡಪಾಲು ಹೊದ್ದು ಅದರೊಳಗೆ ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕ್ಸಿ, ಟೋಪಿ ಹಾಕ್ಸಿ, ನಿಮ್ಮ ಮೈಗೆ ಒತ್ತಿ ಹಿಡ್ಕೊಳಿ. ಕೆಳಗೆ ಬ್ಯಾಗ್ ಹಾಕಿ ಕೂರ್ಸಿ, ಒದ್ದೆ ನೆಲ ಬಿಸಿ ಎಳ್ಕೊಳುತ್ತೆ. ಎಚ್ಚರವಾಗಿದ್ರೆ ಬಿಸಿ ಹಾಲು, ಬೆಲ್ಲ. ಕೈಕಾಲು ಜೋರಾಗಿ ಉಜ್ಜಬೇಡಿ. ಮತ್ತೆ ಯಾರೋ ಒಬ್ರು ದೊಡ್ಡೋರಿಗೆ "ಒಂದ್ ಪೆಗ್ ಬ್ರಾಂಡಿ ಕೊಡಿ ಬೆಚ್ಚಗಾಗ್ತಾರೆ" ಅಂದೇ ಅಂತಾರೆ, ಬ್ರಾಂಡಿ ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಬಿಸೀನ ಹೊರಗೆ ಬಿಡುತ್ತೆ, ಬೆಚ್ಚಗಾದಂಗೆ ಅನ್ಸುತ್ತೆ ಅಷ್ಟೇ.

7. ಮಂಜಲ್ಲಿ ದಾರಿ ಕಾಣ್ತಿಲ್ಲ

ನಿಲ್ಲಿ. ತಲೆ ಎಣಿಸಿ. ಮುಂದೆ ಒಬ್ಬ ದೊಡ್ಡೋರು, ಹಿಂದೆ ಒಬ್ಬ ದೊಡ್ಡೋರು, ಮಧ್ಯ ಮಕ್ಕಳು, ದುಪಟ್ಟಾನೋ ಟವೆಲ್ಲೋ ಹಿಡ್ಕೊಂಡು ಸಾಲಾಗಿ ನಡೀರಿ. ದಾರಿ ಕವಲು ಬಂದಾಗೆಲ್ಲ ಕೊನೆಯವ್ರು ಬರೋ ತನಕ ಮುಂದಿನವ್ರು ಕದಲ್ಬಾರ್ದು.

ಹುಲ್ಲುಗಾವಲಲ್ಲಿ ದನ ನಡೆದ ಜಾಡು ಮನುಷ್ಯರ ದಾರಿ ಥರಾನೇ ಕಾಣುತ್ತೆ, ಚೆನ್ನಾಗಿ ಸವೆದಿರುತ್ತೆ, ನೂರು ಮೀಟರ್ ಹೋದ್ಮೇಲೆ ಹುಲ್ಲಲ್ಲಿ ಕರಗೋಗುತ್ತೆ. ಹಂಗಾದ್ರೆ ಮುಂದೆ ಹುಡುಕ್ಬೇಡಿ, ಇದೇ ದಾರಿ ಅಂತ ಖಚಿತ ಇದ್ದ ಕೊನೇ ಜಾಗಕ್ಕೆ ವಾಪಸ್ ಬನ್ನಿ. ಹತ್ತುವಾಗ ಫೋನಲ್ಲಿ ಟ್ರ್ಯಾಕ್ ರೆಕಾರ್ಡ್ ಆನ್ ಮಾಡಿಟ್ಟಿದ್ರೆ ಈಗ ಬಂದ ಗೆರೆ ಮೇಲೇ ಇಳಿಯಬಹುದು. "ಕೆಳಗೆ ಹೋಗ್ತಾ ಇದ್ರೆ ಎಲ್ಲೋ ಒಂದು ಊರು ಸಿಗುತ್ತೆ" ಅಂತ ಹಳ್ಳ ಹಿಡ್ಕೊಂಡು ಇಳಿಯೋದು ನಮ್ಮ ಘಟ್ಟದಲ್ಲಿ ಬಹಳ ಕೆಟ್ಟ ಐಡಿಯಾ, ಹಳ್ಳ ಅನ್ನೋದು ಎಲ್ಲೋ ಒಂದು ಕಡೆ ಜಲಪಾತ ಆಗಿ ಬೀಳುತ್ತೆ. ಪೂರ್ತಿ ದಾರಿ ತಪ್ಪಿದೆ ಅನ್ಸಿದ್ರೆ ಕೂತ್ಕೊಳಿ, ಬಟ್ಟೆ ಬದಲಾಯಿಸಿ, ತಿನ್ನಿ, ಪೀಪಿ ಊದಿ, ಮಂಜು ಎಷ್ಟೋ ಸಲ ಅರ್ಧ ಗಂಟೇಲಿ ಸರಿಯುತ್ತೆ.

112ಕ್ಕೆ ಮಾಡುವಾಗ ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲ ಅಂತ ತೋರಿಸ್ತಿದ್ರೂ ಪ್ರಯತ್ನ ಮಾಡಿ, ಎಮರ್ಜೆನ್ಸಿ ಕಾಲ್ ಬೇರೆ ಕಂಪನಿ ಟವರ್ ಸಿಕ್ರೂ ಹೋಗುತ್ತೆ. ಮಾತಾಡಕ್ಕೆ ಆಗ್ದಷ್ಟು ಸಣ್ಣ ಸಿಗ್ನಲ್ ಇದ್ರೆ ಮೆಸೇಜ್ ಹೋಗಬಹುದು. ಮ್ಯಾಪಲ್ಲಿ ನೀಲಿ ಚುಕ್ಕೆ ಒತ್ತಿ ಹಿಡಿದ್ರೆ ಬರೋ ಅಂಕಿಗಳನ್ನ ಕಳಿಸಿ, ಯಾವ ದಾರೀಲಿ ಹತ್ತಿದ್ರಿ, ಎಷ್ಟು ಜನ, ಮಕ್ಕಳ ವಯಸ್ಸು, ಯಾರಿಗೆ ಏನಾಗಿದೆ ಅಂತ ಬರೀರಿ, ಆಮೇಲೆ ಆ ಜಾಗ ಬಿಟ್ಟು ಹೋಗ್ಬೇಡಿ.

8. ಇಳಿಯೋದು, ಹಳ್ಳ ದಾಟೋದು

ಒದ್ದೆ ಹುಲ್ಲು ಮತ್ತೆ ಪಾಚಿ ಕಟ್ಟಿದ ಬಂಡೆ ಮೇಲೆ ನೇರ ಇಳೀಬೇಡಿ, ಸ್ವಲ್ಪ ಓರೆಯಾಗಿ, ಮಂಡಿ ಮಡಚಿ, ಪುಟ್ಟ ಹೆಜ್ಜೆ. ಮಗೂಗಿಂತ ದೊಡ್ಡೋರು ಯಾವಾಗ್ಲೂ ಕೆಳಗಿನ ಕಡೆ ಇರ್ಬೇಕು, ಜಾರಿದ್ರೆ ತಡೆಯಕ್ಕೆ. ಕಡಿದಾದ ಕಡೆ ಕುಂಡೆ ಊರಿ ಜಾರ್ಕೊಂಡು ಇಳಿಯೋದ್ರಲ್ಲಿ ಮರ್ಯಾದೆ ಹೋಗಲ್ಲ.

ಬೆಳಿಗ್ಗೆ ಚಪ್ಪಲಿ ಕೈಲಿ ಹಿಡ್ಕೊಂಡು ದಾಟಿದ ಹಳ್ಳ ಮಧ್ಯಾಹ್ನ ಬೇರೇನೇ ಇರುತ್ತೆ, ಕುದುರೆಮುಖದ ದಾರೀಲಿ ಇಂಥ ಹಳ್ಳ ಒಂದಲ್ಲ ಹಲವು. ನೀವಿರೋ ಕಡೆ ಮಳೆ ನಿಂತಿರ್ಬಹುದು, ಮೇಲೆ ಇನ್ನೂ ಸುರೀತಿರುತ್ತೆ. ನೀರು ಕೆಂಪಾಗಿದೆ, ಎಲೆ-ಕಡ್ಡಿ ತೇಲಿ ಬರ್ತಿದೆ, ತಳ ಕಾಣ್ತಿಲ್ಲ ಅಂದ್ರೆ ದಾಟ್ಬೇಡಿ. ಮೊಣಕಾಲುದ್ದ ರಭಸದ ನೀರು ದೊಡ್ಡೋರನ್ನೇ ಬೀಳ್ಸುತ್ತೆ, ಮಗೂನ ಎತ್ಕೊಂಡಿದ್ರೆ ಕೇಳ್ಲೇ ಬೇಡಿ. ಗುಡುಗಿನ ಮಳೆಯ ಹಳ್ಳ ಏರಿದಷ್ಟೇ ಬೇಗ ಇಳಿಯೋದೂ ಉಂಟು, ಒಂದು-ಎರಡು ಗಂಟೆ ದಡದಿಂದ ಎತ್ತರದಲ್ಲಿ ಕೂತ್ಕೊಳಿ. ಇಳೀಲಿಲ್ಲ, ಕತ್ತಲಾಗ್ತಿದೆ ಅಂದ್ರೆ ಆ ದಡದಲ್ಲೇ ಇದ್ದು 112ಕ್ಕೆ ತಿಳಿಸಿ. ತಾಡಪಾಲು ತಂದಿದ್ದು ಇದಕ್ಕೇ.

ಇಂಬಳಕ್ಕೆ ಹೆದ್ರಿ ಕಿರುಚಾಡಿ ಜಾರಿ ಬೀಳೋದು ಇಂಬಳಕ್ಕಿಂತ ಅಪಾಯ. ಉಗುರಿಂದ ಬಾಯಿ ಕಡೆ ಸರಿಸಿ ತೆಗೀರಿ, ಇಲ್ಲಾ ಉಪ್ಪು ಹಾಕಿ. ಸ್ವಲ್ಪ ಹೊತ್ತು ರಕ್ತ ಬರುತ್ತೆ, ನಿಲ್ಲುತ್ತೆ.

9. ಕಾರ್ ಹತ್ರ ಬಂದ್ಮೇಲೆ

ಹೊರಡೋ ಅವಸರ ಬೇಡ. ಮೊದಲು ಎಲ್ರದ್ದೂ ಒದ್ದೆ ಬಟ್ಟೆ ಬದಲಾಗ್ಲಿ, ಡ್ರೈವ್ ಮಾಡೋರದ್ದು ಮೊದಲು, ನಡುಗ್ತಾ ಇರೋ ಕೈ-ಕಾಲಲ್ಲಿ ಸ್ಟೇರಿಂಗು-ಬ್ರೇಕು ಬೇಡ. ಹೀಟರ್ ಹಾಕಿ ಕೂತು ಬಿಸಿ ಏನಾದ್ರೂ ಕುಡೀರಿ. ಮುಳ್ಳಯ್ಯನಗಿರಿ ರೋಡು ಕಿರಿದು, ತಿರುವು ಜಾಸ್ತಿ, ಎದುರಿಗೆ ಜೀಪುಗಳು ಬರ್ತಾನೇ ಇರ್ತವೆ. ಮಂಜಿದ್ರೆ ಲೈಟ್ ಡಿಮ್‌ನಲ್ಲಿ ಇಡಿ, ಹೈ ಬೀಮ್ ಹಾಕಿದ್ರೆ ಮಂಜೇ ಬೆಳಗಿ ರೋಡ್ ಇನ್ನೂ ಕಾಣಲ್ಲ. ತಿರುವಲ್ಲಿ ಹಾರ್ನ್ ಹೊಡೀರಿ, ಇಳಿಜಾರಲ್ಲಿ ಬರೀ ಬ್ರೇಕ್ ಮೇಲೆ ನಂಬ್ಕೊಳದೆ ಸೆಕೆಂಡ್ ಗೇರಲ್ಲಿ ಬನ್ನಿ. ಮಂಜು ತೀರಾ ದಟ್ಟ ಇದ್ರೆ ಅರ್ಧ ಗಂಟೆ ಕಾಯೋದ್ರಿಂದ ಮಧ್ಯಾಹ್ನದ ಊಟ ಲೇಟಾಗುತ್ತೆ ಅಷ್ಟೇ.

ಬೆಳಿಗ್ಗೆ ಮೆಸೇಜ್ ಹಾಕಿದ್ರಲ್ಲ, ಅವ್ರಿಗೆ "ಇಳಿದ್ವಿ, ಎಲ್ರೂ ಇದ್ದೀವಿ" ಅಂತ ಒಂದು ಫೋನ್ ಮಾಡಿ, ಇಲ್ದಿದ್ರೆ ನೀವು ನೀರ್‌ದೋಸೆ ತಿಂತಾ ಕೂತಿರೋ ಹೊತ್ತಿಗೆ ಅವ್ರು ಪೊಲೀಸ್ ಸ್ಟೇಷನ್‌ಗೆ ಫೋನ್ ಮಾಡಿರ್ತಾರೆ. ರೂಮಿಗೆ ಬಂದು ಶೂ ಒಳಗೆ ಹಳೇ ಪೇಪರ್ ತುರುಕಿ ಇಡಿ, ಮಕ್ಕಳ ಕಾಲ್ಬೆರಳ ಸಂದಿ, ಮೊಣಕಾಲ ಹಿಂದೆ, ಸೊಂಟದ ಪಟ್ಟಿ ಹತ್ರ ಇಂಬಳ ಉಳಿದಿದ್ಯಾ ಒಂದ್ಸಲ ನೋಡಿ, ನಿಮ್ಮ ಕಾಲೂ ನೋಡ್ಕೊಳಿ.